ಲೋಕಲ್ ಹತ್ತಿ, ಮಳವ್ಲಿಯಲ್ಲಿ ಇಳಿಯಿರಿ

ದೇಹೂ ರೋಡ್, ನಿಗಡಿ, ಆಕುರ್ಡಿ, ಚಿಂಚವಡ, ತಳೇಗಾಂವ್‌ಗಳಲ್ಲಿ ನೆಲೆ ನಿಂತಿರುವ ಕನ್ನಡದ ಬಂಧುಗಳೇ,

ಶುಕ್ರವಾರಕ್ಕೋ ಸೋಮವಾರಕ್ಕೋ ಒಂದು ಸರಕಾರಿ ರಜೆ ಅಂಟಿಕೊಂಡಿತೆಂದರೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಎರಡೇ. ಊರಿಗೆ ಹೋಗೋಣವಾ, ಲೋಣಾವಳಾಕ್ಕೆ ಹೋಗೋಣವಾ? ಊರು ಎಂದರೆ ಗುರುವಾರ ರಾತ್ರಿ ಹೆದ್ದಾರಿ ಬದಿಯಲ್ಲಿ ಮಕ್ಕಳನ್ನೂ ಚೀಲಗಳನ್ನೂ ಕಾಯುತ್ತ ನಿಂತು, ಹಬ್ಬದ ದರ ತೆತ್ತು, ಖಾಸಗಿ ಬಸ್ಸಿನ ಮೇಲಿನ ಬರ್ತಿನಲ್ಲಿ ಹೊಯ್ದಾಡುತ್ತ ಹೋಗುವುದು. ಉಡುಪಿ, ಕುಂದಾಪುರದವರು ಮನೆ ಮುಟ್ಟಿ ಮಿಂದು ಉಂಡು ಮಲಗುವಷ್ಟರಲ್ಲಿ ಹಿಂದಿರುಗುವ ಬಸ್ಸಿನ ಹೊತ್ತು ಬಂದಿರುತ್ತದೆ. ಲೋಣಾವಳಾ ಎಂದರೆ ಹಳೆಯ ಮುಂಬೈ ರಸ್ತೆಯಲ್ಲಿ ಕಾರಿನ ಹಿಂದೆ ಕಾರು, ಒಂದು ಕಡೆ ಚಿಕ್ಕಿ ಅಂಗಡಿ, ಇನ್ನೊಂದು ಕಡೆ ಮೋರಿ ನೀರಿನಲ್ಲಿ ಕುಣಿಯುವ ಜನ. ಹೋಗಿಬಂದವರ ಮುಖ ನೋಡಿದರೆ ಇವರಿಗೆ ಇನ್ನೊಂದು ರಜೆ ಬೇಕು ಅನ್ನಿಸುತ್ತದೆ.

ಇಷ್ಟೇ ಆಗಿದ್ದರೆ ಈ ಮನವಿ ಬರೆಯುವ ಅಗತ್ಯವಿರಲಿಲ್ಲ. ದಣಿವು ಅವರವರ ಹಣೆಬರಹ. ಆದರೆ 2025ರ ಜೂನ್ 15ರ ಭಾನುವಾರವನ್ನು ನಾವು ಮರೆಯುವಂತಿಲ್ಲ. ಬೇಗಡೇವಾಡಿಯ ಹತ್ತಿರದ ಕುಂಡಮಳಾದಲ್ಲಿ ಇಂದ್ರಾಯಣಿಯ ಮೇಲಿದ್ದ ಹಳೆಯ ಕಬ್ಬಿಣದ ಕಾಲುಸೇತುವೆ ಪ್ರವಾಸಿಗಳ ಭಾರಕ್ಕೆ ಕುಸಿಯಿತು. ನಾಲ್ವರು ಸತ್ತರು, ಹಲವರು ಗಾಯಗೊಂಡರು. ಸೇತುವೆ ಅಪಾಯಕಾರಿ ಎಂಬುದು ಅದಕ್ಕೂ ಮೊದಲೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದರ ಹಿಂದಿನ ವರ್ಷ, 2024ರ ಜೂನ್ 30ರಂದು, ಅದೂ ಭಾನುವಾರವೇ, ಲೋಣಾವಳಾದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐವರು, ಅವರಲ್ಲಿ ಮಕ್ಕಳೂ ಇದ್ದರು, ಕೊಚ್ಚಿಹೋದರು. ನೀರಿನ ನಡುವೆ ಒಬ್ಬರನ್ನೊಬ್ಬರು ತಬ್ಬಿ ನಿಂತ ಅವರ ದೃಶ್ಯವನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು, ಇನ್ನೊಬ್ಬರಿಗೆ ಕಳಿಸಿದೆವು, ಮುಂದಿನ ಮಳೆಗೆ ಮತ್ತೆ ಹೊರಟೆವು. ಜಿಲ್ಲಾಡಳಿತ ಮಳೆಗಾಲದಲ್ಲಿ ನಿಷೇಧಾಜ್ಞೆ ಹೊರಡಿಸುತ್ತದೆ. ಅದಕ್ಕೆಂದು ಕಟ್ಟಿದ ಹಗ್ಗದ ಕೆಳಗೆ ನುಸುಳಿ ಹೋಗುವುದನ್ನೂ ನಾವು ಪ್ರವಾಸದ ಒಂದು ಭಾಗವೆಂದೇ ತಿಳಿದಿದ್ದೇವೆ.

ನನ್ನ ಕೋರಿಕೆ ಮನೆಯಲ್ಲೇ ಕೂರಿ ಎಂದಲ್ಲ. ಹೊರಡಿ, ಖಂಡಿತ ಹೊರಡಿ. ಮುಂದಿನ ಸಣ್ಣ ರಜೆಗೆ ಕಾರಿನ ಕೀಲಿ ಗೂಡಿನಲ್ಲೇ ಇರಲಿ, ಜಲಪಾತ ಅದರ ಪಾಡಿಗೆ ಬೀಳಲಿ. ದೇಹೂ ರೋಡ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿ. ಈ ಒಂದು ಮಾರ್ಗದ ಆಚೀಚೆಯಲ್ಲೇ ನಾವು ನೋಡದೆ ಬಿಟ್ಟದ್ದು ಎಷ್ಟಿದೆ! ಅದರಲ್ಲಿ ನಮ್ಮ ಕನ್ನಡನಾಡಿಗೆ ಸೇರಿದ್ದೂ ಇದೆ.

ಬೇಗಡೇವಾಡಿ, ಘೋರಾವಾಡಿ, ತಳೇಗಾಂವ್, ವಡಗಾಂವ್, ಕಾನ್ಹೆ, ಕಾಮಶೇತ್, ಆಮೇಲೆ ಮಳವ್ಲಿ. ಮುಕ್ಕಾಲು ಗಂಟೆಯೊಳಗೆ ಮುಟ್ಟುತ್ತೀರಿ. ಲೋಣಾವಳಾಕ್ಕೆ ಇನ್ನೊಂದೇ ಸ್ಟೇಷನ್ ಬಾಕಿ ಇರುವಾಗ ಇಲ್ಲಿ ಇಳಿಯುವವರು ಕಡಿಮೆ. ರೈಲು ಹೋಗುವ ದಿಕ್ಕಿಗೆ ಬಲಗಡೆ, ಹೆದ್ದಾರಿ ದಾಟಿದ ಮೇಲೆ ಕಾಣುವ ಬೆಟ್ಟದಲ್ಲಿ ಕಾರ್ಲಾ ಗವಿಗಳು. ಸ್ಟೇಷನ್ನಿನಿಂದ ರಿಕ್ಷಾ ಸಿಗುತ್ತದೆ. ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಭಾನುವಾರ ಏಕವೀರಾ ದೇವಿಯ ದರ್ಶನಕ್ಕೆ ಬಂದ ಕೋಳಿ (ಮೀನುಗಾರ) ಸಮಾಜದ ಕುಟುಂಬಗಳು ವಾದ್ಯ ಬಾರಿಸುತ್ತ ಹತ್ತುತ್ತಿರುತ್ತವೆ. ಅವರ ಜೊತೆ ಹತ್ತಿದರೆ ಮೆಟ್ಟಿಲು ಗೊತ್ತಾಗುವುದಿಲ್ಲ. ದೇವಿಯ ಗುಡಿ ಇರುವುದೇ ಗವಿಯ ಬಾಯಿಗೆ ಎದುರಾಗಿ. ಬಹಳ ಜನ ದೇವಿಗೆ ಕೈ ಮುಗಿದು, ಪಕ್ಕದ ಕತ್ತಲೆಯನ್ನು ಇಣುಕಿ ನೋಡಿ ಇಳಿದುಬಿಡುತ್ತಾರೆ. ನೀವು ಟಿಕೆಟ್ ಕೊಂಡು ಒಳಗೆ ಹೋಗಿ.

ಒಳಗಿರುವುದು ನಮ್ಮ ದೇಶದಲ್ಲಿ ಬಂಡೆ ಕೊರೆದು ಮಾಡಿದ ಬೌದ್ಧ ಚೈತ್ಯಗಳಲ್ಲೇ ಅತಿ ದೊಡ್ಡದು. ಉದ್ದ ಸುಮಾರು 45 ಮೀಟರ್, ಎತ್ತರ ಸುಮಾರು 14 ಮೀಟರ್, ಕಂಬಗಳು 37. ತಲೆಯೆತ್ತಿದರೆ ಛಾವಣಿಯ ತುಂಬ ಮರದ ಕಮಾನುಗಳು. ಅವು ಆಮೇಲೆ ರಿಪೇರಿಗೆ ಹಾಕಿದ್ದಲ್ಲ, ಗವಿ ಕೊರೆದ ಕಾಲದ್ದೇ. ಸುಮಾರು ಸಾವಿರದ ಒಂಬೈನೂರು ಮಳೆಗಾಲ ಕಂಡ ಮರ! ನಮ್ಮ ಸೊಸೈಟಿಗಳ ಲಿಫ್ಟಿನ ಬಾಗಿಲು ಐದು ಮಳೆಗೆ ತುಕ್ಕು ಹಿಡಿಯುತ್ತದೆ.

ಇನ್ನು ಕನ್ನಡಿಗರು ನೋಡಲೇಬೇಕಾದದ್ದು. ಮುಖಮಂಟಪದ ಎಡತುದಿಯಲ್ಲಿ, ಆನೆಗಳ ಸಾಲಿನ ಕಡೆ, ಬ್ರಾಹ್ಮೀ ಅಕ್ಷರದ ಒಂದು ಪುಟ್ಟ ಶಾಸನವಿದೆ. ಭಾಷೆ ಪ್ರಾಕೃತ. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಕಲ್ಲುಮನೆಯನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಶೆಟ್ಟಿ ಭೂತಪಾಲ ಎಂದು ಅದು ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂಬುದು ಬಹುಪಾಲು ವಿದ್ವಾಂಸರ ಮಾತು. ಶಿರಸಿ ತಾಲ್ಲೂಕಿನ, ವರದಾ ತೀರದ, ಕದಂಬರಿಗೆ ಆಮೇಲೆ ರಾಜಧಾನಿಯಾದ ಬನವಾಸಿ. ಕಲ್ಯಾಣ, ಸೋಪಾರಗಳ ಬಂದರಿನಿಂದ ಘಟ್ಟ ಹತ್ತಿ ಬರುವ ವ್ಯಾಪಾರದ ದಾರಿ ಈ ಬೆಟ್ಟಗಳ ಸಂದಿನಲ್ಲೇ ಹಾದುಹೋಗುತ್ತಿತ್ತು. ದಾರಿಯಲ್ಲಿ ದುಡಿದದ್ದರಲ್ಲಿ ಒಂದು ಪಾಲನ್ನು ದಾರಿಗೇ ಕೊಟ್ಟು ಹೋಗುವುದು ಆ ವರ್ತಕರ ರೂಢಿ. ಅದೇ ಗವಿಯ ಕಂಬಗಳ ಮೇಲೆ ಧೇನುಕಾಕಟ ಎಂಬ ಊರಿನ ಯವನರ ದಾನವೂ ದಾಖಲಾಗಿದೆ.

ದುಡಿಮೆಗಾಗಿ ದಕ್ಷಿಣದಿಂದ ಈ ಸೀಮೆಗೆ ಬಂದವರಲ್ಲಿ ನಾವು ಮೊದಲಿಗರಲ್ಲ ಎಂದು ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆದರೆ ಒಂದು ಎಚ್ಚರ. ಭೂತಪಾಲ ಮನೆಯಲ್ಲಿ ಯಾವ ಮಾತು ಆಡುತ್ತಿದ್ದನೋ, ಶಾಸನ ಹೇಳುವುದಿಲ್ಲ. ಅವನನ್ನು ಎಳೆದು ತಂದು ಗಡಿ ಜಗಳದ ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಬೇಡಿ. ಮಕ್ಕಳನ್ನು ಕರೆದೊಯ್ದು, ಬನವಾಸಿಯವನೊಬ್ಬ ಇಲ್ಲಿ ಹೆಸರು ಬಿಟ್ಟುಹೋಗಿದ್ದಾನೆ ಎಂದು ಕನ್ನಡದಲ್ಲಿ ಹೇಳಿ, ಅಷ್ಟು ಸಾಕು. ಪುಣೆಯ ಕನ್ನಡ ಸಂಘದ ಕಾವೇರಿ ಶಾಲೆಗಳ ಮೇಷ್ಟ್ರುಗಳಿಗೂ ಇದೇ ಕೋರಿಕೆ: ಪಿಕ್ನಿಕ್ಕಿಗೆ ವಾಟರ್ ಪಾರ್ಕ್ ಯೋಚಿಸುವ ಮೊದಲು ಒಮ್ಮೆ ಇದನ್ನು ಯೋಚಿಸಿ.

ಮಳವ್ಲಿಯ ಎಡಗಡೆಗೆ ಭಾಜಾ ಗವಿಗಳು. ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಕಾರ್ಲಾಕ್ಕಿಂತ ಹಳೆಯವು, ಜನವೂ ಕಡಿಮೆ. ಅದರ ಮೇಲಿನ ಎತ್ತರದಲ್ಲಿ ಲೋಹಗಡ, ವಿಸಾಪುರ ಕೋಟೆಗಳು. ಲೋಹಗಡ 2025ರ ಜುಲೈನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ಒಂದು. ಆ ಸುದ್ದಿಯ ಬಳಿಕ ಅಲ್ಲೂ ಗದ್ದಲ ಹೆಚ್ಚಿದೆ. ಚೇಳಿನ ಬಾಲದಂತೆ ಚಾಚಿದ ವಿಂಚೂಕಾಟಾ ತುದಿಗೆ ಮಂಜು ಕವಿದ ದಿನ ಮಕ್ಕಳೊಂದಿಗೆ ಹೋಗುವ ಸಾಹಸ ಬೇಡ. ಬೇಸಗೆಯ ಬೆಳಗಿನ ಹೊತ್ತಿಗೆ ಅದನ್ನು ಇಟ್ಟುಕೊಳ್ಳಿ.

ಇಷ್ಟು ದೂರವೂ ಬೇಡ, ಮನೆಯಲ್ಲಿ ವಯಸ್ಸಾದವರಿದ್ದಾರೆ ಎನ್ನುವವರಿಗೆ ನಮ್ಮ ದೇಹೂ ರೋಡಿನಲ್ಲೇ ಒಂದು ದಿನದ ಯಾತ್ರೆ ಇದೆ. ಹೊರಗಿನವರಿಗೆ ನಮ್ಮೂರು ಎಂದರೆ ಮದ್ದುಗುಂಡಿನ ಡಿಪೋ, ದಂಡಿನ ಬೇಲಿ, ಫೋಟೋ ತೆಗೆಯಬಾರದೆಂಬ ಬೋರ್ಡು. (ಆ ಬೋರ್ಡಿನ ಮಾತು ಕೇಳಿ, ದಯವಿಟ್ಟು. ರಜೆಯ ದಿನ ಕಾವಲಿನವರಿಗೆ ವಿವರಣೆ ಕೊಡುತ್ತ ಕೂರುವುದು ಯಾರಿಗೆ ಬೇಕು?) ಆದರೆ 1954ರ ಡಿಸೆಂಬರ್ 25ರಂದು ಬಾಬಾಸಾಹೇಬ ಅಂಬೇಡ್ಕರರು ಇಲ್ಲಿಗೆ ಬಂದು, ರಂಗೂನಿನಿಂದ ತಂದ ಬುದ್ಧನ ಮೂರ್ತಿಯನ್ನು ತಮ್ಮ ಕೈಯಾರೆ ಪ್ರತಿಷ್ಠಾಪಿಸಿದರು. ನಾಗಪುರದಲ್ಲಿ ಅವರ ಬೌದ್ಧ ದೀಕ್ಷೆ ಆಗಿದ್ದು 1956ರಲ್ಲಿ, ಅಂದರೆ ಇದು ಅದಕ್ಕೂ ಸುಮಾರು ಎರಡು ವರ್ಷ ಮೊದಲು. ಆ ದಿನದ ಭಾಷಣದಲ್ಲಿ ಅವರು ಇನ್ನೊಂದು ಮಾತನ್ನೂ ಆಡಿದರು: ಪಂಢರಪುರದ ವಿಠೋಬ ನಿಜದಲ್ಲಿ ಬುದ್ಧನೇ, ತಾನದನ್ನು ತೋರಿಸಿಕೊಡುತ್ತೇನೆ ಎಂದು.

ಈ ಮಾತು ಹೊರಟ ಜಾಗದಿಂದ ಐದಾರು ಕಿಲೋಮೀಟರಿನಲ್ಲಿ ದೇಹೂ. ವಿಠಲನಿಗಾಗಿ ಬದುಕನ್ನೇ ಸವೆಸಿದ ತುಕಾರಾಮರ ಊರು. ಅದೇ ವಿಠಲನನ್ನು ಜ್ಞಾನೇಶ್ವರರು ತಮ್ಮ ಅಭಂಗದಲ್ಲಿ ಕನ್ನಡದವನು, ಕರ್ನಾಟಕದವನು ಎಂದು ಹಾಡಿದ್ದಾರೆ. ಪುರಂದರದಾಸರು ಅವನ ಹೆಸರನ್ನೇ ಅಂಕಿತದಲ್ಲಿಟ್ಟುಕೊಂಡರು. ಆ ದಾಸರು ಹುಟ್ಟಿದ್ದು ಪುಣೆ ಸಮೀಪದ ಪುರಂದರಗಡದಲ್ಲೋ ತೀರ್ಥಹಳ್ಳಿ ಕಡೆಯ ಆರಗದಲ್ಲೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಒಂದು ಬೆಳಿಗ್ಗೆ ಆ ಮೂರ್ತಿಯಿರುವ ಬುದ್ಧವಿಹಾರದಲ್ಲಿ ಅರ್ಧ ತಾಸು ಕೂತು, ಅಲ್ಲಿಂದ ರಿಕ್ಷಾ ಹಿಡಿದು ಇಂದ್ರಾಯಣಿಯ ದಡಕ್ಕೆ ಹೋದರೆ, ಒಬ್ಬನೇ ದೇವರ ಬಗ್ಗೆ ಇಷ್ಟು ಜನ ಇಷ್ಟು ಬಗೆಯಾಗಿ ಹಟ ಹಿಡಿದ ನೆಲದಲ್ಲಿ ಓಡಾಡಿದಂತಾಗುತ್ತದೆ. ನಾನು ಯಾರ ಪರ ಎಂದು ಕೇಳಬೇಡಿ. ವಾದ ಇರುವ ಊರು ನನಗೆ ಇಷ್ಟ.

ದೇಹೂವಿನಲ್ಲಿ ಗಾಥಾ ಮಂದಿರದ ಗೋಡೆಗಳ ತುಂಬ ತುಕೋಬಾರ ಅಭಂಗಗಳನ್ನು ಕೆತ್ತಿದ್ದಾರೆ. ನೀರಿಗೆ ಹಾಕಿದ ಆ ಅಭಂಗಗಳ ಗಾಥೆ 13 ದಿನದ ಮೇಲೆ ತೇಲಿ ಬಂತೆಂಬ ಕತೆಯನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುವುದಕ್ಕೆ ಆ ಪಡಸಾಲೆ ಪ್ರಶಸ್ತ. ದೇವನಾಗರಿ ಓದಬಲ್ಲ ಮಕ್ಕಳಿದ್ದರೆ ಒಂದು ಅಭಂಗ ಅವರಿಂದ ಓದಿಸಿ, ಅಜ್ಜಿಯಿಂದ ಒಂದು ದಾಸರ ಪದ ಹೇಳಿಸಿ. ತುಕಾರಾಮರು ಏಕಾಂತಕ್ಕೆ ಹೋಗುತ್ತಿದ್ದ ಭಂಡಾರಾ ಬೆಟ್ಟವೂ ಹತ್ತಿರವೇ. ಅವರ ಮಗ ನಾರಾಯಣ ಮಹಾರಾಜರು 1685ರಲ್ಲಿ ಆರಂಭಿಸಿದ ಪಂಢರಪುರದ ಪಾಲಖಿ ಪ್ರತಿ ಜ್ಯೇಷ್ಠದಲ್ಲಿ ದೇಹೂವಿನಿಂದಲೇ ಹೊರಟು ಆಕುರ್ಡಿಯಲ್ಲಿ ತಂಗುತ್ತದೆ. ಆ ದಿನ ಟ್ರಾಫಿಕ್ ಜಾಮ್ ಎಂದು ಗೊಣಗುವವರಲ್ಲಿ ನಮ್ಮವರೂ ಇದ್ದಾರೆ. ಅವತ್ತು ದೇಹೂವಿನಿಂದ ಆಕುರ್ಡಿಯವರೆಗೆ ವಾರಕರಿಗಳ ಜೊತೆ ನಡೆದು ನೋಡಿ, ಜಾಮ್ ಎಂಬುದು ಕಾರಿನೊಳಗೆ ಮಾತ್ರ ಇರುತ್ತದೆ.

ದೇಹೂ ರೋಡಿನಿಂದ ಪುಣೆಯ ಕಡೆಗೆ ಹೊರಟರೆ ಎರಡನೆಯ ಸ್ಟೇಷನ್ ಚಿಂಚವಡ. ಅಲ್ಲಿ ಪವನಾ ನದಿಯ ಪಕ್ಕ ಮೋರಯಾ ಗೋಸಾವಿಯವರ ಸಮಾಧಿ. ಗಣಪತಿ ಬಪ್ಪಾ ಎಂದ ಕೂಡಲೇ ಜನ ಕೂಗುವ ಆ ಮೋರಯಾ ಇವರೇ ಎಂಬುದು ನಂಬಿಕೆ. ಇವರ ಮನೆತನದ ಮೂಲ ಬೀದರಿನ ಕಡೆ ಎಂಬುದು ಒಂದು ಐತಿಹ್ಯ. ಮಾರ್ಗದ ಕೊನೆಯ ಪುಣೆಯಲ್ಲಿ, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಸಂಗೀತೋತ್ಸವ ಈಗಲೂ ಡಿಸೆಂಬರಿನಲ್ಲಿ ನಡೆಯುತ್ತದೆ. ವರ್ಷದ ಕೊನೆಗೆ ಉಳಿದ ರಜೆಯನ್ನು ಗೋವಾಕ್ಕೇ ಖರ್ಚು ಮಾಡಬೇಕೆಂದು ಯಾರೂ ಬರೆದಿಟ್ಟಿಲ್ಲ.

2019ರ ಸ್ವಾತಂತ್ರ್ಯೋತ್ಸವದ ಭಾಷಣದಲ್ಲಿ ಪ್ರಧಾನಿಯವರು, 2022ರೊಳಗೆ ನಮ್ಮ ದೇಶದ್ದೇ 15 ತಾಣಗಳನ್ನು ನೋಡಿ ಎಂದು ಕರೆ ಕೊಟ್ಟಿದ್ದರು. ನಡುವೆ ಕೊರೋನಾ ಬಂತು, ಗಡುವೂ ಮುಗಿಯಿತು. ನಮ್ಮ ಒಂದೇ ಲೋಕಲ್ ಮಾರ್ಗದಲ್ಲಿ ಆ ಲೆಕ್ಕದ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ.

ಹೋದಲ್ಲಿ ಹೇಗಿರಬೇಕೆಂದು ನಿಮಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ಭಾಜಾದ ಮೆಟ್ಟಿಲ ಮೇಲೆ ಬೇಯಿಸಿದ ಶೇಂಗಾ ಮಾರುವ ಹೆಂಗಸಿನ ಬಳಿ ಚೌಕಾಸಿ ಮಾಡಬೇಡಿ, ಕಲ್ಲಿನ ಮೇಲೆ ಹೆಸರು ಕೊರೆಯಬೇಡಿ, ಪೂಜೆಯ ಹೂವನ್ನು ಪ್ಲಾಸ್ಟಿಕ್ ಸಮೇತ ಇಂದ್ರಾಯಣಿಗೆ ಎಸೆಯಬೇಡಿ. ಮಧ್ಯಾಹ್ನದ ಹೊತ್ತು ಲೋಕಲ್‌ಗಳು ವಿರಳ, ಆದ್ದರಿಂದ ಬೆಳಗಿನ ಗಾಡಿಗೇ ಹೊರಡಿ, ಬುತ್ತಿ ಕಟ್ಟಿಕೊಳ್ಳಿ.

ಕೊನೆಯದಾಗಿ, ಈ ಮಾರ್ಗದುದ್ದಕ್ಕೂ ಹೋಟೆಲು ನಡೆಸುವ ನಮ್ಮ ಕರಾವಳಿಯ ಮಾಲೀಕರಲ್ಲಿ, ಕಟ್ಟಡ ಕಟ್ಟಿಸುವ ನಮ್ಮ ಗುತ್ತಿಗೆದಾರರಲ್ಲಿ ಒಂದು ಪ್ರತ್ಯೇಕ ಬಿನ್ನಹ. ಇಷ್ಟು ಹೊತ್ತು ನಾನು ಬರೆದದ್ದೆಲ್ಲ ರಜೆ ಇರುವವರಿಗೆ. ನಮ್ಮಲ್ಲಿ ಅರ್ಧ ಜನಕ್ಕೆ ರಜೆಯೇ ಇಲ್ಲ. ಊರೆಲ್ಲ ತಿರುಗಾಟಕ್ಕೆ ಹೊರಟ ದಿನವೇ ನಿಮ್ಮ ಅಡುಗೆಮನೆಯ ಹುಡುಗರಿಗೆ ದುಪ್ಪಟ್ಟು ದೋಸೆ. ಬೈಂದೂರಿನ, ಇಂಡಿ ತಾಲ್ಲೂಕಿನ, ಯಾದಗಿರಿಯ ಮಕ್ಕಳು ವರ್ಷಗಟ್ಟಲೆ ಇಲ್ಲಿದ್ದೂ ಸ್ಟೇಷನ್, ಕೋಣೆ, ಕಾವಲಿ ಬಿಟ್ಟು ಬೇರೇನೂ ನೋಡಿರುವುದಿಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ, ನಿಗದಿತ ಸಂಖ್ಯೆಯ ಕೆಲಸಗಾರರಿರುವಲ್ಲಿ ವಾರಕ್ಕೊಂದು ಪೂರ್ತಿ ದಿನದ ಬಿಡುವು ಕೊಡಬೇಕೆನ್ನುತ್ತದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಸೇರಿ ವರ್ಷಕ್ಕೆ ಎಂಟು ಹಬ್ಬದ ರಜೆಗಳನ್ನು ಪಗಾರ ಸಹಿತ ಕೊಡಬೇಕೆನ್ನುತ್ತದೆ. ಆ ದಿನ ಷಟರ್ ಎಳೆಯಲಾಗುವುದಿಲ್ಲ ಎಂಬ ನಿಮ್ಮ ಕಷ್ಟ ಗೊತ್ತು. ಹಾಗಾದರೆ ಪಾಳಿ ಹಾಕಿ. ಈ ಬುಧವಾರ ನಾಲ್ವರು, ಮುಂದಿನ ಬುಧವಾರ ನಾಲ್ವರು. ಪಗಾರ ಕತ್ತರಿಸದೆ, ಟಿಕೆಟ್ಟಿನ ದುಡ್ಡೂ ಒಂದು ಪೊಟ್ಟಣ ಇಡ್ಲಿಯೂ ಕೈಗೆ ಕೊಟ್ಟು, ಬೆಳಗಿನ ಲೋಕಲ್ಲಿಗೆ ಕಳಿಸಿ. ಗವಿಯ ಹತ್ತಿರ ವಾರದ ದಿನ ಜನವೂ ಇರುವುದಿಲ್ಲ.