ಬೂದಿಯಾದ ಫೆರಾರಿಗೆ 15 ಕೋಟಿ, ಓಡುವ ಕಾರಿಗೆ ಗುಜರಿ

2023ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಒಂದು ಹರಾಜು ನಡೀತು. ಮಾರಾಟಕ್ಕಿದ್ದದ್ದು 1954ರ ಫೆರಾರಿ 500 ಮೊಂಡಿಯಾಲ್ ಎಂಬ ರೇಸ್ ಕಾರು. ಕಾರು ಅನ್ನೋದು ಮರ್ಯಾದೆಗೆ ಅಷ್ಟೇ. ಯಾವುದೋ ಕಾಲದ ಅಪಘಾತದಲ್ಲಿ ಸುಟ್ಟು, ನಜ್ಜುಗುಜ್ಜಾಗಿ, ದಶಕಗಳ ಕಾಲ ಮೂಲೆಯಲ್ಲಿ ಬಿದ್ದಿದ್ದ ಲೋಹದ ಮುದ್ದೆ ಅದು. ನಮ್ಮೂರ ಗುಜರಿಯವನ ಮುಂದೆ ಇಟ್ಟಿದ್ದರೆ ಕೆಜಿ ಲೆಕ್ಕದಲ್ಲಿ ತೂಗಿ ಕಳಿಸ್ತಿದ್ದ. ಮಾಂಟೆರೆಯಲ್ಲಿ ಅದು ಹೋಗಿದ್ದು 18.75 ಲಕ್ಷ ಡಾಲರ್‌ಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 15 ಕೋಟಿ ರೂಪಾಯಿ.

ಕೊಂಡವರಿಗೆ ತಲೆ ಕೆಟ್ಟಿರಲಿಲ್ಲ. ಅವರು ಕೊಂಡಿದ್ದು ಲೋಹವನ್ನಲ್ಲ, ಒಂದು ಚಾಸಿಸ್ ನಂಬರನ್ನು. ಆ ನಂಬರ್ ಕೈಲಿದ್ದರೆ ಉಳಿದದ್ದನ್ನೆಲ್ಲ ಹೊಸದಾಗಿ ಮಾಡಿಸಬಹುದು. ಅಲ್ಯೂಮಿನಿಯಂ ಹಾಳೆಯನ್ನು ಕೈಯಲ್ಲೇ ಬಡಿದು ಬಾಡಿ ಕಟ್ಟುವ ಕಸುಬುದಾರರು ಇಟಲಿಯ ಮೊಡೆನಾ ಸುತ್ತಮುತ್ತ ಇನ್ನೂ ಇದ್ದಾರೆ. ಕಾರು ಅಸಲಿ ಅಂತ ಪ್ರಮಾಣಪತ್ರ ಕೊಡೋಕೆ ಫೆರಾರಿ ಕಂಪನಿಯಲ್ಲೇ ಒಂದು ಪ್ರತ್ಯೇಕ ವಿಭಾಗ ಇದೆ. ಚಾಸಿಸ್, ಎಂಜಿನ್, ಗೇರ್‌ಬಾಕ್ಸ್‌ಗಳ ನಂಬರ್ ಹಳೇ ದಾಖಲೆಗೆ ತಾಳೆಯಾದರೆ ಬೆಲೆ ಎಲ್ಲಿಗೋ ಹೋಗುತ್ತೆ. ಅದೇ ಕಸುಬುದಾರ, ಅದೇ ಲೋಹದಲ್ಲಿ, ಅದೇ ಅಳತೆಯಲ್ಲಿ ನಂಬರ್ ಇಲ್ಲದ ಕಾರು ಕಟ್ಟಿದರೆ ಅದು ಬರೀ ನಕಲು. ನಮ್ಮಲ್ಲಿ ಪಹಣಿ ಇರುವ ಬಂಜರು ಭೂಮಿಗೂ, ಪಹಣಿ ಇಲ್ಲದೆ ಮೂರು ತಲೆಮಾರು ಉತ್ತ ಬಗರ್‌ಹುಕುಂ ಹೊಲಕ್ಕೂ ಇರುವ ವ್ಯತ್ಯಾಸ ನೆನಪಾಗುತ್ತೆ. ಬೆಲೆ ಬರೋದು ದುಡಿಮೆಗಲ್ಲ, ಕಾಗದಕ್ಕೆ.

ಈ ಮಾರುಕಟ್ಟೆ ಎಷ್ಟು ದೊಡ್ಡದು ಅನ್ನೋಕೆ ಒಂದೇ ಉದಾಹರಣೆ ಸಾಕು. 1962ರಿಂದ 64ರ ನಡುವೆ ಫೆರಾರಿ 250 ಜಿಟಿಒ ಎಂಬ ರೇಸ್ ಕಾರುಗಳು ತಯಾರಾಗಿದ್ದು ಕೇವಲ 36. ಅಮೆರಿಕದಲ್ಲಿ ಆಗ ಹೊಸದರ ಬೆಲೆ ಸುಮಾರು 18 ಸಾವಿರ ಡಾಲರ್. ಅವುಗಳಲ್ಲೊಂದು 2023ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ 5.17 ಕೋಟಿ ಡಾಲರ್‌ಗೆ ಹೋಯ್ತು. ಅದಕ್ಕೂ ಮೊದಲು, 2022ರ ಮೇನಲ್ಲಿ, ಮರ್ಸಿಡಿಸ್ ಕಂಪನಿ ತನ್ನ ಬಳಿ ಇದ್ದ 1955ರ 300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆಯನ್ನು 13.5 ಕೋಟಿ ಯೂರೋಗೆ ಮಾರಿತು. ರೂಪಾಯಿಯಲ್ಲಿ ಸುಮಾರು 1,100 ಕೋಟಿ! ಅಂಥ ಕಾರು ಜಗತ್ತಿನಲ್ಲಿರೋದು ಎರಡೇ ಎರಡು. ಬಂದ ದುಡ್ಡನ್ನು ಪರಿಸರ ಮತ್ತು ಇಂಗಾಲ ತಗ್ಗಿಸುವ ವಿಷಯದಲ್ಲಿ ಕೆಲಸ ಮಾಡುವ ಯುವಜನರ ನಿಧಿಗೆ ಇಡ್ತೀವಿ ಅಂತ ಕಂಪನಿ ಹೇಳಿತು. ಪೆಟ್ರೋಲ್ ಕುಡಿಯುವ ಯಂತ್ರ ಮಾರಿ ಹವಾಮಾನ ಉಳಿಸೋದು. ನಗಬೇಕೋ ಅಳಬೇಕೋ ನೀವೇ ಹೇಳಿ.

ಹರಾಜಿನ ಹೊಳೆಯುವ ಕ್ಯಾಟಲಾಗ್‌ಗಳಲ್ಲಿ "ಇತಿಹಾಸ" ಅನ್ನೋ ಪದ ಪುಟಪುಟದಲ್ಲೂ ಇರುತ್ತೆ. ಯಾರ ಇತಿಹಾಸ? 1955ರ ಜೂನ್ 11ರಂದು ಫ್ರಾನ್ಸ್‌ನ ಲೆ ಮಾನ್ ರೇಸಿನಲ್ಲಿ ಒಂದು ಮರ್ಸಿಡಿಸ್ 300 ಎಸ್‌ಎಲ್‌ಆರ್ ಪ್ರೇಕ್ಷಕರ ಮೇಲೆ ನುಗ್ಗಿ 80ಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಕೊನೆಗೆ ಮರ್ಸಿಡಿಸ್ ರೇಸ್ ಕಣದಿಂದಲೇ ಹಿಂದೆ ಸರಿಯಿತು. 1,100 ಕೋಟಿಯ ಕೂಪೆ ಅದೇ ಕಾರಿನ ಮೇಲೆ ಛಾವಣಿ ಕೂರಿಸಿದ ರೂಪ. ಎರಡು ವರ್ಷ ಬಿಟ್ಟು, 1957ರ ಮೇ ತಿಂಗಳಲ್ಲಿ, ಇಟಲಿಯ ಸಾರ್ವಜನಿಕ ರಸ್ತೆಗಳಲ್ಲೇ ನಡೆಯುತ್ತಿದ್ದ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಒಂದು ಫೆರಾರಿ 335 ಎಸ್ ಗ್ವಿದಿತ್ಸೋಲೊ ಎಂಬ ಊರಿನ ಹತ್ತಿರ ರಸ್ತೆ ಬದಿ ನಿಂತಿದ್ದವರ ಮೇಲೆ ಹರಿಯಿತು. ಚಾಲಕ, ಸಹಚಾಲಕ ಇಬ್ಬರ ಜೊತೆ ಒಂಬತ್ತು ಪ್ರೇಕ್ಷಕರು ಸತ್ತರು, ಅವರಲ್ಲಿ ಐದು ಜನ ಮಕ್ಕಳು. ಎಂಜೊ ಫೆರಾರಿ ಮೇಲೇ ಮೊಕದ್ದಮೆ ನಡೀತು, 1961ರಲ್ಲಿ ಖುಲಾಸೆಯಾಯ್ತು. ಅದೇ ದಿನ ಅದೇ ರೇಸಿನಲ್ಲಿ ಓಡಿದ್ದ ಇನ್ನೊಂದು ಫೆರಾರಿ, ಅದೇ ತಳಿಯದು, 2016ರಲ್ಲಿ ಪ್ಯಾರಿಸ್‌ನಲ್ಲಿ 3.2 ಕೋಟಿ ಯೂರೋ ದಾಟಿತು.

ಈ ಕಾರುಗಳ ಕಥೆ ಕಟ್ಟಿದ್ದು ಟಿಕೆಟ್ ಕೊಂಡು ನಿಂತ, ಮನೆ ಮುಂದಿನ ರಸ್ತೆ ಬಿಟ್ಟುಕೊಟ್ಟ, ಕೆಲವೊಮ್ಮೆ ಪ್ರಾಣವನ್ನೂ ಕೊಟ್ಟ ಸಾಮಾನ್ಯ ಜನ. ಕಥೆಯ ಬೆಲೆ ಮಾತ್ರ ಬೀಗ ಹಾಕಿದ ಗ್ಯಾರೇಜಿನೊಳಗೆ ಸೇರುತ್ತೆ.

ಮ್ಯೂಸಿಯಂಗಳಾದರೂ ಕಾಪಾಡುತ್ತವೆ ಅಂದ್ಕೊಂಡರೆ, 2025ರ ಫೆಬ್ರುವರಿ ನೋಡಿ. ಅಮೆರಿಕದ ಇಂಡಿಯಾನಾಪೊಲಿಸ್ ಮೋಟಾರ್ ಸ್ಪೀಡ್‌ವೇ ಮ್ಯೂಸಿಯಂ ತನ್ನ ಸಂಗ್ರಹದ ಕೆಲವು ಕಾರುಗಳನ್ನು ಮಾರಾಟಕ್ಕಿಟ್ಟಿತು. 1965ರ ಲೆ ಮಾನ್ ಗೆದ್ದ ಫೆರಾರಿ 250 ಎಲ್‌ಎಂ ಪ್ಯಾರಿಸ್‌ನಲ್ಲಿ ಸುಮಾರು 3.5 ಕೋಟಿ ಯೂರೋಗೆ ಹೋಯ್ತು. 1965ರಲ್ಲಿ ಮರ್ಸಿಡಿಸ್ ಕಂಪನಿಯೇ ಆ ಮ್ಯೂಸಿಯಂಗೆ ದಾನ ಕೊಟ್ಟಿದ್ದ ಡಬ್ಲ್ಯು196 ಗ್ರ್ಯಾನ್ ಪ್ರೀ ಕಾರು ಸ್ಟುಟ್‌ಗಾರ್ಟ್‌ನಲ್ಲಿ 5.1 ಕೋಟಿ ಯೂರೋಗೆ ಮಾರಾಟವಾಯ್ತು. ಇವು ಇಂಡಿಯಾನಾಪೊಲಿಸ್ ರೇಸಿನ ಚರಿತ್ರೆಗೆ ಸಂಬಂಧಪಟ್ಟವಲ್ಲ, ಬಂದ ಹಣದಿಂದ ಉಳಿದ ಸಂಗ್ರಹವನ್ನು ನೋಡ್ಕೋತೀವಿ ಅನ್ನೋದು ಮ್ಯೂಸಿಯಂನ ವಾದ. ವಾದದಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ನಿನ್ನೆವರೆಗೆ ಟಿಕೆಟ್ ಕೊಂಡ ಯಾರು ಬೇಕಾದರೂ ನೋಡಬಹುದಾಗಿದ್ದ ವಸ್ತುವನ್ನು ನಾಳೆಯಿಂದ ನೋಡೋಕೆ ಒಬ್ಬ ಮಾಲೀಕನ ಕೃಪೆ ಬೇಕು.

ತೆರಿಗೆ ವಿಷಯಕ್ಕೆ ಬಂದರೆ ಇನ್ನೂ ಮಜಾ ಇದೆ. 2019ರಲ್ಲಿ ಇಟಲಿಯ ಬೊಲೊನ್ಯಾ ನ್ಯಾಯಾಲಯ 250 ಜಿಟಿಒ ಒಂದು ಕಲಾಕೃತಿ, ಅದನ್ನು ನಕಲು ಮಾಡೋ ಹಾಗಿಲ್ಲ ಅಂತ ಹೇಳಿತು. ಬ್ರಿಟನ್ನಿನಲ್ಲಿ ಇದೇ ಕಾರು ಮಾರಿ ಕೋಟಿಗಟ್ಟಲೆ ಲಾಭ ಮಾಡಿದ ಖಾಸಗಿ ಮಾಲೀಕನಿಗೆ ಬಂಡವಾಳ ಲಾಭ ತೆರಿಗೆ ಸಾಮಾನ್ಯವಾಗಿ ಇಲ್ಲ. ಕಾರಣ? ಕಾರು ಸವೆದುಹೋಗುವ ವಸ್ತುವಂತೆ! ನಿಮ್ಮ ನಮ್ಮ ಕಾರು ಷೋರೂಮಿನಿಂದ ಹೊರಬಂದ ದಿನವೇ ಬೆಲೆ ಕಳ್ಕೊಳ್ಳುತ್ತೆ ನಿಜ, ಆ ನಿಯಮ ಬಂದಿದ್ದು ಅಂಥ ಕಾರುಗಳಿಗಾಗಿ. ಅದರ ನೆರಳಲ್ಲಿ ನೆಮ್ಮದಿಯಾಗಿರೋದು ಜಿಟಿಒ. ಎರಡೂ ಬೇರೆ ಬೇರೆ ದೇಶದ ಕಾನೂನು, ಒಪ್ಪೋಣ. ಆದರೂ ನಕಲು ತಡೆಯುವಾಗ ಕಲೆ, ತೆರಿಗೆ ಕಟ್ಟುವಾಗ ಸವಕಲು ಸಾಮಾನು!

ಇನ್ನು ನಮ್ಮ ದೇಶ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರು, ಬೈಕುಗಳಿಗೆ 'ವಿಎ' ಸರಣಿಯ ನಂಬರ್. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ಹತ್ತು ವರ್ಷ ಮಾನ್ಯ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ ಮಾತ್ರ. ಈ ನಿಯಮದಲ್ಲಿ ತಪ್ಪೇನೂ ಕಾಣಲ್ಲ. ವರ್ಷಕ್ಕೆ ನಾಲ್ಕು ದಿನ ಹೊರಬರುವ ಕಾರಿನಿಂದ ಗಾಳಿ ಕೆಡೋದಿಲ್ಲ.

ತಕರಾರು ಇರೋದು ಪಕ್ಕದ ನಿಯಮದ ಜೊತೆ ಇಟ್ಟು ನೋಡಿದಾಗ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ 2025ರ ಜುಲೈ 1ರಿಂದ ಬಂಕ್‌ಗಳಲ್ಲಿ ಇಂಧನವನ್ನೇ ಕೊಡಬೇಡಿ ಅಂತ ಆದೇಶ ಬಂತು. ಜನ ರೊಚ್ಚಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ತಡೆಬಿತ್ತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಯಸ್ಸೊಂದನ್ನೇ ನೋಡಿ ಬಲವಂತದ ಕ್ರಮ ಬೇಡ ಅಂತು. ಎಷ್ಟು ಹೊಗೆ ಬಿಡುತ್ತೆ ಅಂತ ಪರೀಕ್ಷೆ ಮಾಡದೆ, ಎಷ್ಟು ವರ್ಷ ಆಯ್ತು ಅಂತ ಮಾತ್ರ ಕೇಳುವ ನಿಯಮ ಇದು. ಹದಿನೈದು ವರ್ಷದ ಕಾರನ್ನು ಜತನವಾಗಿ ಇಟ್ಕೊಂಡಿರೋನು ಶೋಕಿಗೆ ಇಟ್ಕೊಂಡಿರಲ್ಲ; ಹೊಸದು ಕೊಳ್ಳೋಕೆ ದುಡ್ಡಿಲ್ಲ, ಅಷ್ಟೇ. 15ರಿಂದ 50ರವರೆಗಿನ ಮೂವತ್ತೈದು ವರ್ಷ ಕಾರನ್ನು ಸುಮ್ಮನೆ ನಿಲ್ಲಿಸಿಕೊಳ್ಳುವಷ್ಟು ಜಾಗ, ಹಣ ಇದ್ದವನ ಹಳೇ ಕಾರಿಗಷ್ಟೇ ಪರಂಪರೆ ಆಗುವ ಯೋಗ.

ಅವರ ದುಡ್ಡು, ಅವರ ಹವ್ಯಾಸ, ನಿಮಗೇನು ಕಷ್ಟ ಅಂತ ಕೆಲವರು ಕೇಳ್ತಾರೆ. ಹವ್ಯಾಸದ ಬಗ್ಗೆ ಹೊಟ್ಟೆಕಿಚ್ಚಿಲ್ಲ. ಈ ಸಂಗ್ರಾಹಕರು ಇಲ್ಲದಿದ್ದರೆ ಎಷ್ಟೋ ಕಾರು ನಿಜವಾಗಿಯೂ ಗುಜರಿ ಸೇರ್ತಿದ್ದವು, ಕೈಯಲ್ಲಿ ಲೋಹ ಬಡಿಯುವ ಕಸುಬೂ ಸಾಯ್ತಿತ್ತು. ಕೇಳಬೇಕಿರೋದು ರಿಯಾಯಿತಿಯ ಬಗ್ಗೆ. ಬ್ರಿಟನ್ನಿನಲ್ಲೇ ಒಂದು ದಾರಿ ಇದೆ: ಪಾರಂಪರಿಕ ಮಹತ್ವದ ಚಿತ್ರ, ಪೀಠೋಪಕರಣಗಳಿಗೆ ವಾರಸುದಾರಿಕೆ ತೆರಿಗೆಯಿಂದ ವಿನಾಯಿತಿ ಬೇಕಿದ್ದರೆ ಮಾಲೀಕರು ಅವನ್ನು ಚೆನ್ನಾಗಿಡಬೇಕು, ಸಾರ್ವಜನಿಕರಿಗೆ ನೋಡೋಕೂ ಬಿಡಬೇಕು. ಇಂಥ ಷರತ್ತನ್ನು ರೇಸ್ ಕಾರಿನ ಲಾಭದ ಮೇಲಿನ ವಿನಾಯಿತಿಗೂ ಹಾಕಬಹುದು. ನಮ್ಮ 'ವಿಎ' ನೋಂದಣಿಗೂ ವರ್ಷಕ್ಕೆ ಇಷ್ಟು ದಿನ ಸರ್ಕಾರಿ ಪಾಲಿಟೆಕ್ನಿಕ್, ಐಟಿಐ ಹುಡುಗರ ಮುಂದೆ ಬಾನೆಟ್ ತೆರೆದು ನಿಲ್ಲಿಸಬೇಕು ಅಂತ ಒಂದು ಸಾಲು ಸೇರಿಸೋಕೆ ಹೊಸ ಕಾಯ್ದೆಯೇನೂ ಬೇಡ, ಮೋಟಾರು ವಾಹನ ನಿಯಮಕ್ಕೆ ಒಂದು ತಿದ್ದುಪಡಿ ಸಾಕು.