ಬಸ್ ಚಾರ್ಜು ಕೊಟ್ಟ ವಕೀಲ



ಹೋದ ತಿಂಗಳು ನಮ್ಮ ಗೆಳೆಯನೊಬ್ಬ ಎದೆನೋವು ಬಂದು ತೀರಿಕೊಂಡ. ತಾಲ್ಲೂಕು ಕೋರ್ಟಿನಲ್ಲಿ ವಕೀಲ. ಇನ್ನೂ ಮೂವತ್ತು ತುಂಬಿರಲಿಲ್ಲ. ಅವನು ನಡೆಸುತ್ತಿದ್ದ ದೌರ್ಜನ್ಯದ ಕೇಸುಗಳು ಕೋರ್ಟಿನಲ್ಲಿವೆ, ಸಾಕ್ಷಿಗಳು ಅದೇ ಊರುಗಳಲ್ಲಿ ಬದುಕಬೇಕಾಗಿದೆ. ಅದಕ್ಕೇ ಅವನ ಹೆಸರು, ಊರು ಇಲ್ಲಿ ಬರೆಯುತ್ತಿಲ್ಲ.

ನಾವೂ ಅವನೂ ಒಂದೇ ಸರ್ಕಾರಿ ಸ್ಕೂಲು, ಒಂದೇ ಹಾಸ್ಟೆಲ್ಲು. ಒಂದು ಕಂಪಾಸ್ ಬಾಕ್ಸನ್ನು ಮೂರು ಜನ ಹಂಚಿಕೊಂಡು ಎಸ್ಸೆಸ್ಸೆಲ್ಸಿ ಪಾಸಾದವರು. ಕರಿ ಕೋಟು ಹಾಕುವುದಕ್ಕೆ ಎಷ್ಟೋ ವರ್ಷ ಮೊದಲೇ ಅವನು ವಕೀಲನಾಗಿದ್ದ. ಎಂಟನೇ ಕ್ಲಾಸಿನಲ್ಲಿ ವಾರ್ಡನ್ನರಿಗೆ ಅರ್ಜಿ ಬರೆದ: ‘ಈ ಸಾರಿನಲ್ಲಿ ಬೇಳೆ ಇದೆ ಎಂಬುದಕ್ಕೆ ಯಾವುದೇ ಸಾಕ್ಷ್ಯಾಧಾರ ದೊರೆತಿರುವುದಿಲ್ಲ.’ ವಾರ್ಡನ್ನೂ ನಕ್ಕರು. ಒಂದು ವಾರ ಸಾರಿನಲ್ಲಿ ಬೇಳೆ ಕಂಡಿತು. ಎಂಟನೇ ದಿನ ಮತ್ತೆ ನೀರು. ‘ಬಿಡ್ರೋ, ಮೇಲ್ಮನವಿ ಹಾಕೋಣ’ ಅಂದ.

ಆ ನಗು ಅವನನ್ನು ಕೊನೆತನಕ ಬಿಡಲಿಲ್ಲ. ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಆ ಹಕ್ಕಿನ ದಾವೆ ಬೊಂಬಾಯಿ ಹೈಕೋರ್ಟಿನಲ್ಲಿ ನಮ್ಮ ಪರ ತೀರ್ಮಾನವಾದದ್ದು 1937ರಲ್ಲಿ. ಇದನ್ನು ಅವನು ಹೇಳುತ್ತಿದ್ದ ರೀತಿಯೇ ಬೇರೆ: ‘ನೀರು ಕುಡಿಯೋಕೆ ಒಂದು ನಿಮಿಷ. ಕುಡಿದಿದ್ದು ಸರಿ ಅನ್ನೋಕೆ ಕೋರ್ಟಿಗೆ ಹತ್ತು ವರ್ಷ. ಅಲ್ಲೀತನಕ ಬಾಯಾರಿಕೆಗೆ ವಾಯಿದೆ ಕೊಡಬೇಕು!’ ಕವಿತೆ ಬರೆಯುವ ನಮ್ಮನ್ನೂ ಬಿಡುತ್ತಿರಲಿಲ್ಲ. ‘ನಿಮ್ಮ ಕವಿತೇಲಿ ಬೆಂಕಿ ಜಾಸ್ತಿ, ತಾರೀಖು ಕಡಿಮೆ. ಸ್ಟೇಷನ್ನಲ್ಲಿ ಮೊದಲು ಕೇಳೋದೇ ತಾರೀಖು ಕಣ್ರೋ!’

ಆದರೆ ಒಂದು ಊರಿನ ಹೆಸರು ಬಂದರೆ ಅವನ ನಗು ನಿಲ್ಲುತ್ತಿತ್ತು. ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಅಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ‘ಸಾಕ್ಷೀನ ಬಯ್ಯಬೇಡಿ’ ಅನ್ನುತ್ತಿದ್ದ. ‘ಯಾರ ಮೇಲೆ ಸಾಕ್ಷಿ ಹೇಳಬೇಕೋ ನಾಳೆ ಅವರ ಹೊಲಕ್ಕೇ ಕೂಲಿಗೆ ಹೋಗಬೇಕು. ನಮ್ಮ ಕೇಸು ಕೋರ್ಟಲ್ಲಿ ಸೋಲೋದಿಲ್ಲ, ಬಸ್ ಸ್ಟ್ಯಾಂಡಲ್ಲೇ ಸೋಲುತ್ತೆ.’

ಅದಕ್ಕೇ ವಿಚಾರಣೆಯ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದ. ಸಾಕ್ಷಿಗಳ ಬಸ್ ಚಾರ್ಜು, ತಿಂಡಿ, ಒಂದು ದಿನದ ಕೂಲಿ ಎಲ್ಲ ಅವನ ಜೇಬಿನದೇ. ಫೀಸು ಅಂತ ಬರುತ್ತಿದ್ದದ್ದು ಅವರೆಕಾಯಿ, ಕಡಲೆಕಾಯಿ. ಜೇಬು ಬರಿದಾದಾಗ ಅರ್ಜಿ ಬರೆಯುತ್ತಿದ್ದ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 11ನೆಯದನ್ನು ಓದಿ, ಗೆಳೆಯರೇ. ನೊಂದವರಿಗೆ, ಅವಲಂಬಿತರಿಗೆ, ಸಾಕ್ಷಿಗಳಿಗೆ ಪ್ರಯಾಣದ ಖರ್ಚು ಕೊಡಬೇಕು. ಆ ದಿನದ ಖರ್ಚಿಗೆ ಕನಿಷ್ಠ ಕೂಲಿಗಿಂತ ಕಡಿಮೆಯಿಲ್ಲದಷ್ಟು ಹಣವನ್ನೂ ಕೊಡಬೇಕು. ಕೇಳುವವರಿಲ್ಲದೆ ಅದು ಕಾಗದದಲ್ಲೇ ಉಳಿಯುತ್ತದೆ. ಅವನು ಕೇಳುತ್ತಿದ್ದ, ಬರುವತನಕ ಕೇಳುತ್ತಿದ್ದ.

ಮನೆಯ ಮಾತನ್ನೂ ಹೇಳಬೇಕು. ಹೆಂಡತಿ ನರ್ಸು. ಅವರಿಗೆ ರಾತ್ರಿ ಪಾಳಿ ಇದ್ದಾಗ ಅಡಿಗೆಯೂ ಅವನದೇ, ಮಗಳ ಜಡೆಯೂ ಅವನದೇ. ಸಂಜೆ ನಮ್ಮ ಮೀಟಿಂಗು ಎಳೆದರೆ ಎದ್ದೇಬಿಡುತ್ತಿದ್ದ: ‘ಮಗಳ ಕೋರ್ಟಲ್ಲಿ ವಾಯಿದೆ ಸಿಗೋದಿಲ್ಲಪ್ಪಾ.’ ಬೀದಿಯಲ್ಲಿ ಸಮಾನತೆ ಕೂಗಿ, ಮನೆಯನ್ನು ಹೆಂಗಸರ ತಲೆಗೆ ಕಟ್ಟುವ ಚಳವಳಿಗಾರರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಅವನ ಫೋಟೋಗೆ ಹಾರ ಹಾಕುವ ಸಭೆ ನಮಗೆ ಬೇಡ. ಪ್ರತಿ ಹಾಸ್ಟೆಲಿನಲ್ಲಿ ನಾಲ್ಕು ಜನ ದೂರು ಬರೆಯುವುದನ್ನು ಕಲಿಯಲಿ. ಬಾಯಲ್ಲಿ ಹೇಳಿದ ದೂರನ್ನು ಪೊಲೀಸರು ಬರೆದುಕೊಂಡು, ಸಹಿ ಹಾಕಿಸುವ ಮೊದಲು ಓದಿ ಹೇಳಬೇಕು, ಪ್ರತಿ ಕೊಡಬೇಕು. 1989ರ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ, 2015ರ ತಿದ್ದುಪಡಿಯಾದ ಮೇಲೆ, ಇದು ಸ್ಪಷ್ಟವಾಗಿದೆ. ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ಇವನ್ನು ಹಾಸ್ಟೆಲಿನ ಗೋಡೆಗೆ ಬರೆದು ಅಂಟಿಸಿ. ಹಬ್ಬಕ್ಕೆ ಊರಿಗೆ ಹೋದಾಗ ಕೇರಿಯಲ್ಲಿ ಓದಿ ಹೇಳಿ. ಓದು ಬಂದವರ ಸಾಲ ಇಷ್ಟಾದರೂ ತೀರಲಿ.

ಅವನು ಬಿಟ್ಟುಹೋದ ಒಂದು ಕೇಸು ಮುಂದಿನ ತಿಂಗಳು ವಿಚಾರಣೆಗೆ ಬರುತ್ತದೆ. ಕೇಸು ನಡೆಸಲು ಇನ್ನೊಬ್ಬ ವಕೀಲರು ಒಪ್ಪಿದ್ದಾರೆ. ಸಾಕ್ಷಿ ಹೇಳಬೇಕಾದವರು ಮೂವರು, ಅದರಲ್ಲಿ ಒಬ್ಬರು ವಯಸ್ಸಾದ ತಾಯಿ. ಆ ಊರಿಂದ ಮೊದಲ ಬಸ್ಸು ಬೆಳಿಗ್ಗೆ ಆರೂ ಕಾಲಿಗೆ. ಹಿಂದಿನ ರಾತ್ರಿಯೇ ಹೋಗಿ ಅವರ ಜೊತೆ ಬಸ್ಸು ಹತ್ತುವವರು ಬೇಕಾಗಿದ್ದಾರೆ.

ಈ ಸಂಚಿಕೆ ಮಾರುವ ಗೆಳೆಯರ ಹತ್ತಿರ ಹೆಸರು ಕೊಡಿ.

ಜೈಭೀಮ್.