ಹಿಮದ ಹಾದಿಯಲ್ಲಿ ಗಾಲಿ

ಡಿಸೆಂಬರ್ ರಜೆ ಸಮೀಪಿಸಿತೆಂದರೆ ಸಾಕು, ನಮ್ಮ ಬೀದಿಯಲ್ಲಿ ಯಾರಾದರೊಬ್ಬರು ಮನಾಲಿಗೆ ಹೊರಡುತ್ತಾರೆ. ಊಟಿ, ಕೊಡೈಕನಾಲುಗಳಿಗೆ ಹಿಂದೆ ಸಲ್ಲುತ್ತಿದ್ದ ಮರ್ಯಾದೆ ಈಗ ಹಿಮಾಚಲಕ್ಕೆ ಸಲ್ಲುತ್ತಿದೆ. ಹಿಮವನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬ ಮಕ್ಕಳ ಆಸೆ ತಪ್ಪೆಂದು ಯಾರು ಹೇಳಿಯಾರು? ಆದರೆ ಮೊನ್ನೆ ನೆರೆಮನೆಯ ರಾಯರು, "ದೆಹಲಿಯಲ್ಲಿ ಭಾವಮೈದುನನ ಕಾರು ಇದೆ, ನಾನೇ ನಡೆಸುತ್ತೇನೆ. ಆಷಾಢದ ಮಳೆಯಲ್ಲಿ ಆಗುಂಬೆ ಘಾಟಿ ಇಳಿದವನಿಗೆ ಈ ಹಿಮ ಯಾವ ಲೆಕ್ಕ?" ಎಂದಾಗ ನನಗೆ ಸ್ವಲ್ಪ ದಿಗಿಲಾಯಿತು.

ರಾಯರು ಒಳ್ಳೆಯ ಚಾಲಕರು, ಸಂದೇಹವಿಲ್ಲ. ದಿಗಿಲಿಗೆ ಕಾರಣವೂ ಅದೇ. ಘಾಟಿಯ ಮಳೆ ಕಲಿಸುವ ಪಾಠ ಚುರುಕಿನದು: ತಿರುವಿನಲ್ಲಿ ಎದುರಿಗೆ ಬಸ್ಸು ಕಂಡೊಡನೆ ಬ್ರೇಕು ಒತ್ತು, ಚಕ್ರ ತಿರುಗಿಸು, ಪಕ್ಕಕ್ಕೆ ಸರಿ. ಒದ್ದೆಯಾದರೂ ಡಾಂಬರು ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಮಂಜುಗಡ್ಡೆ ಹಿಡಿಯುವುದಿಲ್ಲ. ಒಣ ರಸ್ತೆಯಲ್ಲಿ ನಿಲ್ಲಲು ಬೇಕಾಗುವ ದೂರದ ಹತ್ತು ಪಟ್ಟು ದೂರ ಅಲ್ಲಿ ಬೇಕಾಗಬಹುದು. ಅಲ್ಲಿ ಚುರುಕಾದ ಕೈಕಾಲುಗಳೇ ಶತ್ರು.

ಹೊಸದಾಗಿ ಬಿದ್ದ ಹಿಮಕ್ಕೆ ಅಷ್ಟು ಹೆದರಬೇಕಾಗಿಲ್ಲ. ಅದು ಕಣ್ಣಿಗೆ ಕಾಣುತ್ತದೆ, ಗಾಲಿ ಅದರಲ್ಲಿ ಒಂದಿಷ್ಟು ನೆಲೆಯೂರುತ್ತದೆ. ನೂರಾರು ವಾಹನಗಳು ತುಳಿದು ಗಟ್ಟಿಯಾದ ಹಿಮ ಅದಕ್ಕಿಂತ ಕೆಟ್ಟದ್ದು. ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿಗೇ ಕಾಣದ್ದು. ಹಗಲು ಬಿಸಿಲಿಗೆ ಕರಗಿ ರಸ್ತೆಯ ಮೇಲೆ ಹರಿದ ನೀರು ಸೂರ್ಯ ಮರೆಯಾದೊಡನೆ ಗಾಜಿನ ಪೊರೆಯಂತೆ ಹೆಪ್ಪುಗಟ್ಟುತ್ತದೆ. ಕೆಳಗಿನ ಡಾಂಬರಿನ ಕಪ್ಪು ಹಾಗೆಯೇ ತೋರುವುದರಿಂದ, ರಸ್ತೆ ಬರಿದೆ ಒದ್ದೆಯಾಗಿದೆ ಎಂದೇ ಹೊಸಬನ ಭಾವನೆ. ದೇವದಾರು ಮರಗಳ ನೆರಳು ಬಿದ್ದಲ್ಲಿ, ಮೇಲೂ ಕೆಳಗೂ ತಣ್ಣನೆಯ ಗಾಳಿ ಆಡುವ ಸೇತುವೆಗಳ ಮೇಲೆ ಈ ಪೊರೆ ಮೊದಲು ಕಟ್ಟುತ್ತದೆ. ಆದುದರಿಂದ ಹೊತ್ತು ಚೆನ್ನಾಗಿ ಏರಿದ ಮೇಲೆ ಹೊರಟು, ಸಂಜೆಗೆ ಮುನ್ನ ಬಿಡಾರ ಸೇರುವುದು ಲೇಸು.

2020ರ ಅಕ್ಟೋಬರ್‌ನಲ್ಲಿ ತೆರೆದ ಅಟಲ್ ಸುರಂಗವು ರೋಹ್ತಾಂಗ್ ಕಣಿವೆಯ ಕಷ್ಟವನ್ನು ತಪ್ಪಿಸಿತು. ಮೂರು ಸಾವಿರ ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ 9.02 ಕಿಲೋಮೀಟರು ಉದ್ದದ ಒಣ ದಾರಿ! ಅಪಾಯವಿರುವುದು ಅದರ ಬಾಯಿಗಳಲ್ಲಿ. ಒಳಗಿನ ಒಣನೆಲದಲ್ಲಿ ಗಳಿಸಿದ ಧೈರ್ಯದಲ್ಲೇ ಲಾಹೌಲ್ ಕಡೆಯ ಹಿಮಕ್ಕೆ ಹೊರಬಿದ್ದವನಿಗೆ, ಬ್ರೇಕು ಒತ್ತಿದ ಮೇಲೆಯೇ ನೆಲದ ಗುಣ ತಿಳಿಯುವುದು.

ಹಾಗಾದರೆ ನಡೆಸುವುದು ಹೇಗೆ? ಕಾಲಿನಡಿ ಕೋಳಿಮೊಟ್ಟೆ ಇದೆಯೆಂದು ಭಾವಿಸಿ ನಡೆಸಬೇಕು. ಇಳಿಜಾರಿಗೆ ಮುನ್ನವೇ ಗೇರು ತಗ್ಗಿಸಿ, ವೇಗ ತಡೆಯುವ ಕೆಲಸವನ್ನು ಇಂಜಿನಿಗೆ ಬಿಡಬೇಕು. ಜಾರಿತೋ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಹೋಗಬೇಕಾದ ಕಡೆಗೇ ದೃಷ್ಟಿಯಿಟ್ಟು ಚಕ್ರವನ್ನು ಮೆಲ್ಲಗೆ ತಿರುಗಿಸಬೇಕು. ಪ್ರಪಾತವನ್ನು ನೋಡಿದವನ ಕೈ ಪ್ರಪಾತದ ಕಡೆಗೇ ಎಳೆಯುತ್ತದೆ. ಹಿಮ ಬಿದ್ದ ದಿನಗಳಲ್ಲಿ ಸೋಲಂಗಿನಿಂದ ಮುಂದಕ್ಕೆ, ನಾಲ್ಕು ಗಾಲಿಗೂ ಇಂಜಿನಿನ ಬಲ ದೊರೆಯುವ ವಾಹನಗಳನ್ನು, ಇಲ್ಲವೆ ಗಾಲಿಗೆ ಸರಪಳಿ ತೊಡಿಸಿದವನ್ನು ಮಾತ್ರ ಬಿಡುವುದುಂಟು. ಸರಪಳಿಯನ್ನು ಇಂಜಿನು ತಿರುಗಿಸುವ ಗಾಲಿಗಳಿಗೆ ತೊಡಿಸಬೇಕು. ನಮ್ಮಲ್ಲಿನ ಬಹುತೇಕ ಸಣ್ಣ ಕಾರುಗಳಲ್ಲಿ ಅವು ಮುಂದಿನವು. ಇನ್ನು ನಾಲ್ಕು ಗಾಲಿಯ ಬಲವನ್ನು ನಂಬಿ ಮೀಸೆ ತಿರುವುವವರಿಗೆ ಒಂದು ಮಾತು: ಆ ಬಲ ಹೊರಡುವುದಕ್ಕೆ, ಏರುವುದಕ್ಕೆ ನೆರವಾಗುತ್ತದೆ, ನಿಲ್ಲುವುದಕ್ಕೆ ಅಲ್ಲ.

ಇಷ್ಟನ್ನು ಬಹುಮಂದಿ ಹೇಳುತ್ತಾರೆ. ಕಾರು ಚಲಿಸದೆ ನಿಂತಾಗ ಬರುವ ಗಂಡಾಂತರವನ್ನು ಹೇಳುವವರು ಕಡಿಮೆ.

2022ರ ಜನವರಿ 7ರ ರಾತ್ರಿ, ಪಾಕಿಸ್ತಾನದ ಮರೀ ಗಿರಿಧಾಮಕ್ಕೆ ಹಿಮ ನೋಡಲು ಹೊರಟಿದ್ದ ಸಾವಿರಾರು ವಾಹನಗಳು ಹಿಮಪಾತದಲ್ಲಿ ಸಿಕ್ಕಿಕೊಂಡವು. ನಮ್ಮಂತೆಯೇ ರಜೆಯ ಸಂತೋಷಕ್ಕೆ ಬಂದಿದ್ದ ಸಂಸಾರಗಳು ಅವು. ಬೆಳಗಾಗುವ ವೇಳೆಗೆ ಮಕ್ಕಳೂ ಸೇರಿ ಕನಿಷ್ಠ 22 ಮಂದಿ ಕಾರುಗಳಲ್ಲೇ ಅಸುನೀಗಿದ್ದರು. ಎಲ್ಲರನ್ನೂ ಕೊಂದದ್ದು ಚಳಿಯಲ್ಲ. ಹಲವರನ್ನು ಕಾರ್ಬನ್ ಮಾನಾಕ್ಸೈಡ್ ಅನಿಲ ಕೊಂದಿರಬೇಕೆಂದು ಆಗ ತಿಳಿಸಲಾಯಿತು.

ಇದು ನಡೆಯುವ ಬಗೆ ಹೀಗೆ: ಕಾರು ನಿಂತಿದೆ, ಮಕ್ಕಳು ನಡುಗುತ್ತಿದ್ದಾರೆ, ಬಿಸಿಗಾಳಿಗಾಗಿ ತಂದೆ ಇಂಜಿನನ್ನು ನಡೆಸುತ್ತಲೇ ಇರುತ್ತಾನೆ, ಕಿಟಕಿಗಳೆಲ್ಲ ಭದ್ರ. ಹೊರಗೆ ಹಿಮ ಏರುತ್ತ ಏರುತ್ತ ಹಿಂದಿನ ಹೊಗೆಕೊಳವೆಯನ್ನು ಮುಚ್ಚುತ್ತದೆ. ಹೊರಹೋಗಲಾರದ ಅನಿಲ ಕಾರಿನೊಳಕ್ಕೆ ನುಸುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಿಗಿಯಿಂದ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಜೊಂಪು. ದಣಿದ ಮಗು ನಿದ್ದೆ ಹೋಯಿತೆಂದೇ ತಾಯಿ ತಿಳಿಯುತ್ತಾಳೆ.

ತಪ್ಪಿಸಿಕೊಳ್ಳುವ ಉಪಾಯವೇನೂ ದುಬಾರಿಯದಲ್ಲ. ಇಂಜಿನು ಹಚ್ಚುವ ಮೊದಲು ಪ್ರತಿ ಬಾರಿಯೂ ಕೆಳಗಿಳಿದು ಕೊಳವೆಯ ಸುತ್ತಲಿನ ಹಿಮವನ್ನು ಕೆದಕಿ ತೆಗೆಯಬೇಕು. ಗಂಟೆಗೆ ಹತ್ತು ನಿಮಿಷ ನಡೆಸಿ ನಿಲ್ಲಿಸಬೇಕು. ಆಗಲೂ ಗಾಳಿ ಬರುವ ಕಡೆಯನ್ನು ಬಿಟ್ಟು ಇನ್ನೊಂದು ಕಡೆಯ ಕಿಟಕಿಯನ್ನು ಬೆರಳಗಲ ತೆರೆದಿರಬೇಕು. ರಾತ್ರಿ ಎಲ್ಲರೂ ಒಟ್ಟಿಗೆ ನಿದ್ರಿಸಕೂಡದು. ಉಳಿದ ಬೆಚ್ಚಗನ್ನು ಕಂಬಳಿಗಳು ಕೊಡಬೇಕು. ಆದುದರಿಂದ ಅವು ಡಿಕ್ಕಿಯಲ್ಲಲ್ಲ, ಕೈಗೆ ಸಿಗುವಲ್ಲಿ ಇರಬೇಕು. ಟ್ಯಾಂಕು ತುಂಬ ಪೆಟ್ರೋಲು, ನೀರು, ಒಣ ತಿಂಡಿ, ಒಂದು ಸಲಿಕೆ. ಇದು ಅತಿಯಾಯಿತೆನ್ನುವವರು 2024ರ ಡಿಸೆಂಬರನ್ನು ನೆನೆಯಲಿ: ಸೋಲಂಗಿಗೂ ಅಟಲ್ ಸುರಂಗಕ್ಕೂ ನಡುವೆ ಸುಮಾರು ಒಂದು ಸಾವಿರ ವಾಹನಗಳು ಹಿಮದಲ್ಲಿ ಸಿಕ್ಕಿಕೊಂಡು, ಪೊಲೀಸರು ಗಂಟೆಗಟ್ಟಲೆ ಶ್ರಮಿಸಿ ಪ್ರವಾಸಿಗಳನ್ನು ಪಾರುಮಾಡಬೇಕಾಯಿತು.

ಇದನ್ನೆಲ್ಲ ಕೇಳಿ ರಾಯರು ಮೊದಲು ನಕ್ಕರು. ಮರೀಯ ಸಂಗತಿಗೆ ನಗಲಿಲ್ಲ. ನಿನ್ನೆ ಬಂದು, ಮನಾಲಿಯಿಂದ ಮುಂದಕ್ಕೆ ಅಲ್ಲಿಯ ಚಾಲಕನನ್ನೇ ಗೊತ್ತುಮಾಡಿರುವುದಾಗಿ ತಿಳಿಸಿದರು. ಅವರ ಮನೆಯಾಕೆ ಮಾತ್ರ ಹೂಕುಂಡಗಳಿಗೆ ಬಳಸುವ ಪುಟ್ಟ ಸಲಿಕೆಯನ್ನು ತೊಳೆದು, ಚಕ್ಕುಲಿಯ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದಾರಂತೆ.